ಪಿನ್ನಿಯ ಎತ್ತರದ ಚಿಲಕ

ಬೀರು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಮೇಲಕ್ಕೆ ಬಾರದು, ಕೆಳಕ್ಕೆ ಹೋಗದು, ಗಂಡಹೆಂಡಿರ ವಾದದ ಹಾಗೆ. ಗಂಡ ಮೇಲಿನ ಮೆಟ್ಟಿಲಲ್ಲಿ ನಿಂತು ಎಳೆಯುತ್ತಿದ್ದ. ಹೆಂಡತಿ ಕೆಳಗಿನಿಂದ ಓರೆ ಮಾಡಿ, ಇನ್ನೂ ಓರೆ ಮಾಡಿ ಎನ್ನುತ್ತಿದ್ದಳು. ಸಾಮಾನು ಹೊರುವವರು ಯಾರ ಮಾತು ಕೇಳಬೇಕೆಂದು ತಿಳಿಯದೆ ನಡುವೆ ಬೀರುವನ್ನೇ ತಬ್ಬಿಕೊಂಡು ನಿಂತಿದ್ದರು. ಸಂಜೆ ಇಳಿಯುತ್ತಿತ್ತು. ಅಷ್ಟರಲ್ಲಿ ಮೇಲೆ ಹೊಸ ಮನೆಯ ಬಾಗಿಲು ಮುಚ್ಚಿತು. ಅದರ ಬೆನ್ನಿಗೇ ಒಳಚಿಲಕ ಜಾರಿ ಕೂತ ಸದ್ದು, ಟಕ್.

ಗಂಡನಿಗೆ ಮೊದಲು ಬಂದದ್ದು ನಗು.

ಒಳಗಿದ್ದವಳು ಮಗಳು ಪಿನ್ನಿ. ಹುಟ್ಟಿದಾಗ ಗುಂಡುಪಿನ್ನಿನಷ್ಟಿದ್ದಳೆಂದು ಅಪ್ಪ ಇಟ್ಟ ಅಡ್ಡಹೆಸರು. ನಾಲ್ಕು ತುಂಬಿದರೂ ತಲೆ ಗುಂಡಗೆ, ಮಾತು ಚೂಪಗೆ ಉಳಿದುಕೊಂಡದ್ದರಿಂದ ಹೆಸರು ಬದಲಿಸುವ ಪ್ರಮೇಯ ಬಂದಿರಲಿಲ್ಲ. ಈ ಮನೆಯಲ್ಲಿ ಮೊದಲಿದ್ದವರು ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದರಂತೆ. ಹಾಗಾಗಿ ಚಿಲಕ, ಸ್ವಿಚ್ಚು, ನಲ್ಲಿ, ಕನ್ನಡಿ ಎಲ್ಲವೂ ಸೊಂಟದೆತ್ತರಕ್ಕೆ ಇದ್ದವು. ಮನೆ ನೋಡಲು ಬಂದ ದಿನ ಹೆಂಡತಿ, ಇಡೀ ಮನೆ ಪಿನ್ನಿಯ ಅಳತೆ ತೆಗೆದು ಹೊಲಿದ ಹಾಗಿದೆ ಎಂದಿದ್ದಳು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು, ಸುಮ್ಮಸುಮ್ಮನೆ ಯಾವುದನ್ನೂ ಹೊಗಳುವವಳಲ್ಲ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆದು ಬಾಡಿಹೋಗಿದ್ದೇವೆ, ಇನ್ನು ಇಲ್ಲೇ ಬೇರು ಬಿಡೋಣ ಎಂದು ಗಂಡನೂ ತಲೆಯಾಡಿಸಿದ್ದ.

ಗಂಡನ ಹೊಟ್ಟೆಪಾಡು ಗಂಟಲಿನಲ್ಲಿತ್ತು. ಜಾಹೀರಾತುಗಳಿಗೆ ದನಿ ಕೊಡುವ ಕಸುಬು. ಬೆಳಿಗ್ಗೆ ಔಷಧಿಗಾಗಿ ಕೆಮ್ಮುವ ಮುದುಕ, ಮಧ್ಯಾಹ್ನ ಬಿಸ್ಕತ್ತಿಗಾಗಿ ಕುಣಿಯುವ ಮೊಲ, ಸಂಜೆ ಸಿಮೆಂಟಿಗಾಗಿ ಗುಡುಗುವ ಗಂಡಸು. ಮನೆಗೆ ಬಂದ ಮೇಲೂ ಅಂಗಡಿ ಮುಚ್ಚುತ್ತಿರಲಿಲ್ಲ. ಬಾಗಿಲ ಹೊರಗೆ ನಿಂತು ಒಂದೊಂದೇ ದನಿಯಲ್ಲಿ ಕರೆಯುವನು. ಪಿನ್ನಿ ಒಳಗಿನಿಂದ ಅದು ಯಾರೆಂದು ಹೇಳಬೇಕು. ಕೊನೆಗೆ ಅಪ್ಪ ತನ್ನ ಸ್ವಂತ ದನಿಯಲ್ಲಿ ಕರೆದರೆ ಮಾತ್ರ ಬಾಗಿಲು ತೆರೆಯಬೇಕು. ಹಳೆ ಮನೆಯ ಚಿಲಕ ಎತ್ತರದಲ್ಲಿತ್ತು. ಅದನ್ನು ತೆಗೆಯುತ್ತಿದ್ದವಳು ಅಮ್ಮ. ಅಮ್ಮನ ತಾಳ್ಮೆ ಮುಗಿದಲ್ಲಿಗೆ ಆಟವೂ ಮುಗಿಯುತ್ತಿತ್ತು. ಆ ಆಟದಲ್ಲಿ ಅಪ್ಪ ಸೋತದ್ದು ಒಮ್ಮೆ ಮಾತ್ರ. ಅಪ್ಪ, ಅಮ್ಮ ಇಬ್ಬರೂ ಒಟ್ಟಿಗೆ ಮಾತಾಡೋ ಥರ ಮಾಡು ಎಂದು ಪಿನ್ನಿ ಕೇಳಿದ್ದಳು. ಇರುವುದೊಂದೇ ಗಂಟಲು, ಏನು ಮಾಡಿಯಾನು.

ಈಗ ಚಿಲಕವೂ ಅವಳ ಕೈಯಲ್ಲಿ, ತೀರ್ಪೂ ಅವಳ ಕೈಯಲ್ಲಿ. ಹೊಸ ಮನೆಯ ಮೊದಲ ಆಟ ತಪ್ಪಿಸುವುದುಂಟೆ? ಗಂಡ ಬೀರುವನ್ನು ಅದರ ಪಾಡಿಗೆ ಬಿಟ್ಟು ಮೇಲೆ ಹೋದ. ಬಾಗಿಲಿಗೆ ಬಾಯಿ ಹಚ್ಚಿ ಮೊಲವಾಗಿ ಕೀಚಲು ಹೊರಡಿಸಿದ, ಸಿಮೆಂಟಿನವನಾಗಿ ಗುಡುಗಿದ. ಒಳಗೆ ಕಿಲಕಿಲ. ಎದುರು ಮನೆಯ ನಿವೃತ್ತ ಮೇಷ್ಟ್ರು ಬಾಗಿಲು ತೆರೆದವರು, ಹೊಸದಾಗಿ ಬಂದವನು ಮುಚ್ಚಿದ ಬಾಗಿಲಿನ ಜೊತೆ ಮಾತಾಡುತ್ತಿರುವುದನ್ನು ಕಂಡು, ತಮ್ಮ ಬಾಗಿಲನ್ನು ಪೂರ್ತಿ ತೆರೆಯಲೂ ಆಗದೆ ಮುಚ್ಚಲೂ ಆಗದೆ ಅರ್ಧಕ್ಕೆ ಹಿಡಿದು ನಿಂತರು.

ಆಗ ಕೆಳಗಿನಿಂದ ಹೆಂಡತಿ ಕೇಳಿದಳು.

"ರೀ, ಹಾಲು ಇಳಿಸಿದ್ರಾ?"

ಹಾಲು ಇಳಿದಿರಲಿಲ್ಲ. ಅವನ ಮುಖ ಇಳಿಯಿತು. ಪಿನ್ನಿಗೆಂದು ಸಣ್ಣ ಉರಿಯಲ್ಲಿ ಹಾಲಿಟ್ಟು, ಸ್ವಲ್ಪ ನೋಡಿಕೊಳ್ಳಿ ಎಂದು ಹೇಳಿಯೇ ಅವಳು ಕೆಳಗೆ ಹೋಗಿದ್ದಳು. ಆಗಲೇ ಬೀರು ಸಿಕ್ಕಿಕೊಂಡಿತ್ತು, ಅವನು ಹೊರಗೆ ಓಡಿ ಬಂದಿದ್ದ.

"ಪಿನ್ನಿ, ಬಾಗಿಲು ತೆಗಿ," ಎಂದ. ಅವನ ಲೆಕ್ಕದಲ್ಲಿ ಅದು ಅವನದೇ ದನಿ.

ಒಳಗೆ ಕಿಲಕಿಲ ನಿಂತಿತು. ಪಿನ್ನಿ ಯೋಚಿಸುತ್ತಿದ್ದಳು.

"ಇದ್ಯಾರು? ಇದು ಹೊಸದು."

"ನಾನು ಕಣೇ, ಅಪ್ಪ. ಆಟ ಸಾಕು, ಚಿಲಕ ತೆಗಿ ಬಂಗಾರ."

"ಅಪ್ಪ ಹೀಗೆ ಮಾತಾಡಲ್ಲ."

ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿದ. ದನಿ ನಡುಗಿತು. ನಡುಕ ತಡೆಯಹೋದರೆ ಗಡುಸಾಯಿತು. ಗಡುಸು ಇಳಿಸಹೋದರೆ ಜಾಹೀರಾತಿನ ಸಕ್ಕರೆ ಬಂದು ಸೇರಿತು. ಊರವರ ದನಿಯನ್ನೆಲ್ಲ ಜೇಬಿನಿಂದ ತೆಗೆದಂತೆ ತೆಗೆಯುತ್ತಿದ್ದವನಿಗೆ ತನ್ನದು ಯಾವ ಜೇಬಿನಲ್ಲಿದೆಯೆಂದು ತಿಳಿಯಲಿಲ್ಲ. ಅವನು ಹೆದರಿದ್ದನ್ನು ಪಿನ್ನಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ. ಬಾಗಿಲಡಿಯ ಸಂದಿಯಿಂದ ಸೀದ ಹಾಲಿನ ವಾಸನೆ ಹೊರಗೆ ಬಂತು.

ಹೆಂಡತಿ ಬಂದಳು. ಸಾಮಾನು ಹೊರುವವರೆಲ್ಲ ಸೇರಿ ಅಲ್ಲಾಡಿಸಲಾಗದ ಬೀರು ಅವಳಿಗೆ ದಾರಿ ಬಿಟ್ಟದ್ದು ಹೇಗೆಂದು ಅವರು ಆಮೇಲೂ ಹೇಳಲಾರದೆ ಹೋದರು. ಬಂದವಳೇ ಗಂಡನನ್ನು ಪಕ್ಕಕ್ಕೆ ಸರಿಸಿ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಪಿನ್ನಿ, ಅಮ್ಮ ಕಣೇ. ಚಿಲಕ ಹಿಂದಕ್ಕೆ ಎಳಿ ನೋಡೋಣ."

ಒಳಗೆ ಚಪ್ಪಾಳೆ. "ಅಮ್ಮ! ಅಪ್ಪ ಅಮ್ಮನ ಥರ ಮಾಡಿದ್ದು!"

ಹೆಂಡತಿ ತಲೆಯೆತ್ತಿ ಗಂಡನನ್ನು ನೋಡಿದಳು. ಅವನ ಅಂಗಡಿಯಲ್ಲಿ ಅತಿ ಚೆನ್ನಾಗಿ ಓಡುತ್ತಿದ್ದ ಸರಕೇ ಅದು. ಕೈ ಚಾಚಿ, ಮುಷ್ಟಿ ಬಿಗಿ ಹಿಡೀರಿ, ಇರುವೆ ಕಚ್ಚಿದಂಗೆ ಅಷ್ಟೇ ಎಂದು ಅವಳು ರೋಗಿಗಳಿಗೆ ಹೇಳುವುದನ್ನು ಅವನು ಮಾಡಿ ತೋರಿಸಿದಾಗ ಅವಳೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಇನ್ನೊಂದು ಸಲ ಮಾಡಿ ಎಂದೂ ಕೇಳಿದ್ದಳು. ಈಗ ತನ್ನ ಮಗಳನ್ನು ತಾನು ಕರೆಯಲು ತನ್ನ ಬಾಯೇ ಸಾಕ್ಷಿಗೆ ಸಾಲದೆ ಹೋಯಿತಲ್ಲ ಎಂಬುದು ಅವಳ ಮುಖದಲ್ಲಿ ನಿಧಾನವಾಗಿ ಮೂಡಿತು. ಮತ್ತೆ ಕರೆದಳು. ಪ್ರಮಾಣ ಮಾಡಿದಳು. ಗದರಿದಳು. ಪ್ರತಿ ಸಲವೂ ಒಳಗಿನಿಂದ ಮೆಚ್ಚುಗೆಯೇ ಬಂತು.

ಸೀದ ವಾಸನೆ ತೆಳುವಾಗುತ್ತ ಬಂತು. ಗಂಡ, ಉರಿ ಆರಿರಬೇಕು ಬಿಡು, ಎಂದು ಗೋಡೆಗೆ ಒರಗಿದ. ಹೆಂಡತಿ ಮೂಗರಳಿಸಿದಳು. ಆ ವಾಸನೆಯ ಹಿಂದೆ ಇನ್ನೊಂದು ವಾಸನೆ ಬರುತ್ತಿತ್ತು.

ಮೇಷ್ಟ್ರು ಬಂದು ಬಗ್ಗಿ ಮೂಸಿದರು. ಬೆಳಿಗ್ಗೆ ಪರಿಚಯ ಹೇಳಿಕೊಳ್ಳುವಾಗ ಅವರು 'ಅಂದ್ರೆ ಏನಪ್ಪಾ ಅಂದ್ರೆ' ಎಂಬ ಪೀಠಿಕೆ ಇಲ್ಲದೆ ತಮ್ಮ ಮನೆಯ ನಂಬರನ್ನೂ ಹೇಳಿರಲಿಲ್ಲ. ಈಗ ಪೀಠಿಕೆ ಇಲ್ಲದೆ ಒಂದೇ ಪದ ಹೇಳಿದರು.

"ಗ್ಯಾಸು."

ಹಾಲು ಉಕ್ಕಿ ಉರಿಯನ್ನು ನುಂಗಿತ್ತು. ಒಲೆಯ ತಿರುಪು ತೆರೆದೇ ಇತ್ತು.

ಕರೆಗಂಟೆ ಒತ್ತಹೋದ ಗಂಡನ ಕೈಯನ್ನು ಮೇಷ್ಟ್ರು ಗಾಳಿಯಲ್ಲೇ ಹಿಡಿದರು. ಸಾಮಾನಿನವರಲ್ಲಿ ಒಬ್ಬ ಕಬ್ಬಿಣದ ಹಾರೆ ತರಲು ಹೊರಟರೆ ಅವನನ್ನೂ ತಡೆದರು. ಒಂದು ಕಿಡಿ ಬಿದ್ದರೆ ಸಾಕು ಎಂದರು. ಭುಜ ಕೊಟ್ಟು ನೂಕಿದರು. ಬಾಗಿಲು ಬೀರುವಿನ ಅಣ್ಣನಿರಬೇಕು, ಜಪ್ಪಯ್ಯ ಎನ್ನಲಿಲ್ಲ. ಗುದ್ದು ಬಿದ್ದಾಗಲೆಲ್ಲ ಪಿನ್ನಿ ಒಳಗಿನಿಂದ ಡುಂ ಡುಂ ಎಂದು ತಾಳ ಹಾಕಿದಳು. ಕಿಟಕಿಗಳಿಗೆಲ್ಲ ಸರಳು, ಅದೂ ಮೂರನೇ ಮಹಡಿ.

ಗದ್ದಲ ಕೇಳಿ ನೆಲಮಹಡಿಯಿಂದ ಕಟ್ಟಡದ ಕಾರ್ಯದರ್ಶಿ ಆಂಟಿ ಬೀರುವಿನ ಸಂದಿಯಲ್ಲಿ ನುಸುಳಿ ಏದುಸಿರು ಬಿಡುತ್ತ ಹತ್ತಿ ಬಂದರು. ಬೆಳಿಗ್ಗೆ, ಲಾರಿ ಇಲ್ಲಿ ನಿಲ್ಲಿಸೋ ಹಾಗಿಲ್ಲ ಎಂದು ಅಂಗಡಿಯ ಶಟರು ಎಳೆದಂಥ ದನಿಯಲ್ಲಿ ಮೊದಲ ಸ್ವಾಗತ ಕೋರಿದ್ದವರು ಅವರೇ. ವಿಷಯ ತಿಳಿದದ್ದೇ ಬಾಗಿಲಿಗೆ ಕೈಯಿಟ್ಟು, ತಮಗೆ ಸಾಧ್ಯವಿದ್ದಷ್ಟು ಮೆತ್ತಗೆ ಕರೆದರು.

"ಮಗೂ, ಬಾಗಿಲು ತೆಗಿಯಮ್ಮ."

"ಶಟರ್ ಆಂಟಿ!" ಪಿನ್ನಿ ಕುಣಿದದ್ದು ಹೊರಗೂ ಕೇಳಿಸಿತು. "ಅಪ್ಪಾ, ಬೆಳಿಗ್ಗೆಗಿಂತ ಈಗ ಚೆನ್ನಾಗಿ ಬಂತು. ಈಗ ಅಂದ್ರೆ ತಾತನ್ನ ಮಾಡು."

ಮೆಟ್ಟಿಲ ಮೇಲೆ ಯಾರೂ ಯಾರನ್ನೂ ನೋಡಲಿಲ್ಲ. ಅಂದ್ರೆ ತಾತ ತಮ್ಮ ಕನ್ನಡಕ ತೆಗೆದು ಒರೆಸತೊಡಗಿದರು. ಬೆಳಿಗ್ಗೆ ಲಾರಿಯಿಂದ ಹಾಸಿಗೆ ಇಳಿಸುವ ಮೊದಲೇ ಅವನು ನೆರೆಹೊರೆಯವರ ದನಿಗಳನ್ನು ಇಳಿಸಿಕೊಂಡು ಮಗಳಿಗೆ ಮಾಡಿ ತೋರಿಸಿಯೂ ಆಗಿತ್ತು. ಗಂಡನಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಬಾಗಿಲೇ ಬಾಯಿಬಿಡದಿರುವಾಗ ನೆಲವೆಲ್ಲಿ ಬಿಟ್ಟೀತು.

"ಅಪ್ಪಾ," ಪಿನ್ನಿಯ ದನಿ ಬಾಗಿಲಿಂದ ತುಸು ದೂರ ಹೋಗಿತ್ತು, "ಕತ್ತಲಾಯ್ತು. ನಾನೇ ಲೈಟ್ ಹಾಕ್ತೀನಿ ನೋಡು. ಸ್ವಿಚ್ ನಂಗೆ ಸಿಗುತ್ತೆ."

ಸ್ವಿಚ್ಚು ಅವಳಿಗೆ ಸಿಗುತ್ತಿತ್ತು. ಇಡೀ ಮನೆಯೇ ಅವಳಿಗೆ ಸಿಗುತ್ತಿತ್ತು. ಸ್ವಿಚ್ಚಿನಲ್ಲೂ ಕಿಡಿ ಇರುತ್ತದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆಂಟಿ ತಿರುಗಿ, ಕಟ್ಟಡದ ಮುಖ್ಯ ಸ್ವಿಚ್ಚು ತೆಗೆಯಲು ಕೆಳಗೆ ಓಡಿದರು. ಅವರ ಮೊಣಕಾಲಿಗೆ ಓಟವೆಂದರೆ ಎಷ್ಟು ಓಟ.

"ಬೇಡ, ಮುಟ್ಬೇಡ!" ಗಂಡ ಕಿರುಚಿದ. ಅಷ್ಟು ಗಟ್ಟಿಯಾಗಿ ಅವನು ಸಿಮೆಂಟಿಗೂ ಗುಡುಗಿರಲಿಲ್ಲ.

ಒಳಗಿನಿಂದ ಅಳು ತುಂಬಿದ ಸಣ್ಣ ದನಿ: "ನೀನು ನಮ್ಮಪ್ಪ ಅಲ್ಲ. ನಮ್ಮಪ್ಪ ಕಿರುಚಲ್ಲ. ನಾನು ಲೈಟ್ ಹಾಕ್ತೀನಿ."

ಅವಳ ಚಪ್ಪಲಿ ನೆಲಕ್ಕೆ ಉಜ್ಜುತ್ತ ಗೋಡೆಯ ಕಡೆಗೆ ಹೊರಟ ಸದ್ದು ಕೇಳಿತು.

ಹೆಂಡತಿ ಎದ್ದಳು. ಇಷ್ಟು ಹೊತ್ತೂ ಹೊಸ ಜನರೆದುರು ರೀ, ನೀವು ಎಂದು ಅಂಚು ಹಿಡಿದು ನಡೆಯುತ್ತಿದ್ದವಳು ಅವನ ಅಂಗಿಯ ಕಾಲರಿಗೆ ಕೈಹಾಕಿ, ಎಲ್ಲ ನಿನ್ನಿಂದಲೇ, ನಿನ್ನ ಈ ಹಾಳು ಆಟದಿಂದಲೇ, ಹಾಲು ನೋಡ್ಕೋ ಅಂತ ಹೇಳಿ ಹೋದ್ರೆ ಮೊಲ ಆಡ್ಕೊಂಡು ನಿಂತಿದ್ಯಲ್ಲ ಎಂದು ಶುರುಮಾಡಿದಳು. ಅವನೂ, ಬೀರು ಬೀರು ಅಂತ ಕರೆದೋಳು ಯಾರು, ಮಗು ಒಂದನ್ನೇ ಬಿಟ್ಟು ಇಬ್ಬರೂ ಹೊರಗೆ ಬಂದಿದ್ವಲ್ಲ, ನಾನೊಬ್ನೇನಾ ಎಂದು ಅವಳ ಮಾತಿನ ಮೇಲೆಯೇ ಹತ್ತಿದ. ಅವಳು ನಿಲ್ಲಿಸಲಿಲ್ಲ, ಅವನೂ ನಿಲ್ಲಿಸಲಿಲ್ಲ. ಯಾರ ಮಾತು ಎಲ್ಲಿ ಮುಗಿಯಿತು, ಯಾರದು ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ. ಬಂದ ಮೊದಲ ದಿನವೇ, ಸಾಮಾನು ಹೊರುವವರ ಮುಂದೆ, ಮೇಷ್ಟ್ರ ಮುಂದೆ, ಇಬ್ಬರೂ ಅಳುತ್ತ ಒಬ್ಬರ ಬಾಯೊಳಗೆ ಒಬ್ಬರು ಕೂಗಾಡಿದರು.

ಚಪ್ಪಲಿಯ ಸದ್ದು ನಿಂತದ್ದು ಮೇಷ್ಟ್ರಿಗೆ ಮಾತ್ರ ಕೇಳಿಸಿತು. ಅವರು ಕೈಯೆತ್ತಿದರು, ಯಾರೂ ನೋಡಲಿಲ್ಲ. ಚಪ್ಪಲಿ ಓಡಿಬಂತು.

"ಇಬ್ಬರೂ ಒಟ್ಟಿಗಾ?" ಬಾಗಿಲಿನ ಆಚೆಯಿಂದ ಪಿನ್ನಿ ಕೇಳಿದಳು. "ಹಾಗಾದ್ರೆ ಇದು ನಿಜವಾದ್ದು."

ಟಕ್.

ಬಾಗಿಲು ತೆರೆದಾಗ ಮುಖಕ್ಕೆ ಬಡಿದ ವಾಸನೆಗೆ ಸಾಮಾನಿನವರು ಹಿಂದೆ ಸರಿದರು. ಹೆಂಡತಿ ಮಗುವನ್ನು ಎತ್ತಿ ಗಂಡನ ಎದೆಗೆ ಒಗೆದಳು ಎಂದೇ ಹೇಳಬೇಕು. ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋಗಿ ಒಲೆಯ ತಿರುಪು ಮುಚ್ಚಿದಳು, ಸಿಲಿಂಡರಿನದನ್ನು ಮುಚ್ಚಿದಳು, ಒಂದೊಂದೇ ಕಿಟಕಿ ತೆರೆಯುತ್ತ ಹೋದಳು. ಅಷ್ಟರಲ್ಲಿ ಆಂಟಿ ಕೆಳಗೆ ಮುಖ್ಯ ಸ್ವಿಚ್ಚು ತಲುಪಿರಬೇಕು, ಇಡೀ ಕಟ್ಟಡದ ದೀಪಗಳು ಆರಿದವು.

ಮನೆಗೆ ಗಾಳಿಯಾಡುವ ತನಕ ಎಲ್ಲರೂ ಕೆಳಗಿನ ತಿರುವಿನಲ್ಲಿ ಬೀರುವಿನ ಪಕ್ಕ ಮೆಟ್ಟಿಲ ಮೇಲೆ ಕೂತರು. ಮುಖಗಳು ಕಾಣುತ್ತಿರಲಿಲ್ಲ. ಗಂಡನ ತೊಡೆಗಳು ನಡುಗುತ್ತಿದ್ದವು. ತೊಡೆಯ ಮೇಲಿದ್ದ ಪಿನ್ನಿ ಅದನ್ನು ಕುದುರೆ ಸವಾರಿ ಎಂದುಕೊಂಡು ಆಡುತ್ತಿದ್ದಳು. ಹೆಂಡತಿ ಮಗಳ ಒಂದು ಪಾದ ಹಿಡಿದುಕೊಂಡು ಕೂತಿದ್ದಳು, ಬಿಡಲಿಲ್ಲ.

ಕೊನೆಗೆ ಕತ್ತಲಲ್ಲಿ ಶಟರು ಮೇಲೆದ್ದಿತು.

"ನಮ್ಮ ಮನೆಯವರು ಇದ್ದಾಗ ತಗಡು ಅಂತಿದ್ರು. ಶಟರ್ ಪರವಾಗಿಲ್ಲ, ಬಿಡಿ."

ಸಾಮಾನಿನವರಲ್ಲಿ ಯಾರೋ ನಕ್ಕರು. ಗಂಡ ಕ್ಷಮೆ ಕೇಳಲೆಂದು ಬಾಯಿ ತೆರೆದ. ಯಾವ ದನಿ ಹೊರಗೆ ಬಂದೀತೋ ಎಂದು ಅವನಿಗೇ ಭಯವಾಗಿ ಮುಚ್ಚಿದ. ಮೇಷ್ಟ್ರು, ಅಂದ್ರೆ ಏನಪ್ಪಾ ಅಂದ್ರೆ, ಈ ಹೊತ್ತಿಗೆ ಯಾರೂ ಮನೆಯಲ್ಲಿ ಒಲೆ ಹಚ್ಚೋದು ಬೇಡ, ಊಟ ನಮ್ಮನೇಲಿ ಎಂದು ಹೇಳಿ ಮುಗಿಸಲು ಸಾಕಷ್ಟು ಸಮಯ ತೆಗೆದುಕೊಂಡರು. ಆ ಪೀಠಿಕೆ ಕೇಳಿ ಗಂಡನಿಗೆ ಅಳು ಬಂತು.

"ಅಪ್ಪಾ," ಎಂದಳು ಪಿನ್ನಿ. "ಮೊಲ ಆದ್ಮೇಲೆ, ಸಿಮೆಂಟ್ ಆದ್ಮೇಲೆ, ಒಬ್ರು ಕರೆದ್ರಲ್ಲ. ಅದ್ಯಾರು?"

ಉತ್ತರವನ್ನು ಹೆಂಡತಿ ಕೊಟ್ಟಳು. ಕೂಗಾಡಿ ಅವಳ ಗಂಟಲು ಒಡೆದಿತ್ತು.

"ಅದು ನಿಮ್ಮಪ್ಪನೇ ಪುಟ್ಟ."

ಪಿನ್ನಿ ಕುಣಿಯುವುದನ್ನು ನಿಲ್ಲಿಸಿದಳು. ಇದು ಅಮ್ಮನೋ, ಅಪ್ಪ ಮಾಡಿದ ಅಮ್ಮನೋ ಎಂದು ತಿಳಿಯಲು, ಆ ಒಡಕು ದನಿ ಬಂದ ಕಡೆಗೆ ಕತ್ತಲಲ್ಲಿ ಒಂದು ಸಣ್ಣ ಕೈ ಚಾಚಿತು. ಅಮ್ಮನ ಮೂಗು ಮುಟ್ಟಿತು, ಕೆನ್ನೆಯ ಒದ್ದೆ ಮುಟ್ಟಿತು, ಕಿವಿಯೋಲೆಯನ್ನು ಒಂದು ಸುತ್ತು ತಿರುಗಿಸಿ ನೋಡಿತು. ಹೆಂಡತಿ ಅಲುಗಾಡಲಿಲ್ಲ, ಕೈ ಚಾಚಿ, ಮುಷ್ಟಿ ಬಿಗಿ ಹಿಡಿದು, ಸೂಜಿಗೆ ಕಾದು ಕೂತ ರೋಗಿಯಂತೆ ಉಸಿರು ಕಟ್ಟಿದ್ದಳು. ಗಂಡನೂ ಉಸಿರು ಕಟ್ಟಿದ್ದ. ಕೈ ಅವಳನ್ನು ಬಿಟ್ಟು, ಅವನ ಮುಖ ಎಲ್ಲಿದೆಯೆಂದು ಹುಡುಕುತ್ತ ಈ ಕಡೆಗೆ ಬರತೊಡಗಿತು.