ಅರ್ಧಕ್ಕೆ ನಿಂತ ಹೆಸರು

ಆ ದಿನ ಬೆಳಿಗ್ಗೆ ಗಾಳಿಗೆ ಒಂದು ಕಡೆ ನಿಲ್ಲುವ ಮನಸ್ಸಿರಲಿಲ್ಲ. ಮೂಡಲಿಂದ ಬಂದು ಅಂಗಳದ ಕಲ್ಲಿನ ಪುಡಿಯನ್ನೆಲ್ಲ ಎಬ್ಬಿಸುವುದು, ಏನನ್ನೋ ಮರೆತು ಬಂದವರ ಹಾಗೆ ಹಿಂದಿರುಗಿ ಹೋಗುವುದು, ಮತ್ತೆ ಪಡುವಲಿಂದ ಬಂದು ತಗಡಿನ ಮಾಡನ್ನು ತಟ್ಟುವುದು. ಮೋಡವಿತ್ತು, ಮಳೆಯಿರಲಿಲ್ಲ. ದೇವರೂ ಒಂದೊಂದು ದಿನ ಏನನ್ನೂ ತೀರ್ಮಾನಿಸದೆ ಸುಮ್ಮನೆ ಕೂತುಬಿಡುತ್ತಾನೆ ಎಂದು ಕಲ್ಲಕ್ಕನ ಅಪ್ಪ ಹೇಳುವುದು ಇಂಥ ಹವೆಯನ್ನು ಕಂಡೇ.

ಮಾಡಿನ ಕೆಳಗೆ, ಗೋರಿಕಲ್ಲು ಕೆತ್ತುವ ಆ ಕೋಣೆಯಲ್ಲಿ, ಕಲ್ಲಕ್ಕ ಕಂಪ್ಯೂಟರಿನ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದಳು. ಕಲ್ಲಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಎದುರಿಗೇ ಕರೆದರೂ ಅವಳಿಗೆ ಬೇಜಾರಿರಲಿಲ್ಲ. ಸತ್ತವರ ಹೆಸರು ಕೆತ್ತುವವಳಿಗೆ ತನ್ನ ಹೆಸರಿನ ಬಿಗುಮಾನ ಯಾಕೆ ಎಂದುಕೊಳ್ಳುವವಳು ಅವಳು. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಉಳಿ ಸುತ್ತಿಗೆಗಳು ಗೂಡು ಸೇರಿದ್ದವು. ಈಗ ಅಕ್ಷರಗಳನ್ನು ಕಂಪ್ಯೂಟರಿಗೆ ಊಡಿಸಿದರೆ ಯಂತ್ರದ ಸೂಜಿ ತಾನೇ ಹರಿದಾಡಿ ಕಲ್ಲನ್ನು ಕೊರೆಯುತ್ತಿತ್ತು.

ಆ ಬೆಳಿಗ್ಗೆ ಯಂತ್ರದ ಹಾಸಿನ ಮೇಲೆ ಬಿಗಿದಿದ್ದ ಕಲ್ಲು ಅಂಗಡಿಯ ಕಲ್ಲಲ್ಲ. ಬಸ್ಸಿನ ಕೆಲಸದಿಂದ ನಿವೃತ್ತರಾದ ಕಂಡಕ್ಟರ್ ತಮ್ಮ ಮನೆಯ ಕಿಟಕಿಯಿಂದ ಕಿತ್ತು ತಂದ ಹಾಸುಗಲ್ಲು. ತೀರಿಹೋದ ಅವರ ಹೆಂಡತಿ ದರ್ಜಿ. ಹೊಲಿದು ಬೆನ್ನು ನೊಂದಾಗಲೆಲ್ಲ ಆ ಕಲ್ಲಿನ ಮೇಲೆ ಮೊಣಕೈಯೂರಿ ಬೀದಿ ನೋಡುತ್ತಿದ್ದವರು. ಎರಡು ಮೊಣಕೈ ಊರಿದ ಕಡೆ ಕಲ್ಲು ನುಣ್ಣಗಾಗಿತ್ತು. "ಬೇರೆ ಕಲ್ಲು ಬೇಡಮ್ಮಾ, ಅವಳಿಗೆ ಇದೇ ಆಗ್ಬೇಕು" ಎಂದು ಕಂಡಕ್ಟರ್ ಹೇಳಿ ಹೋಗಿದ್ದರು. ಅವರ ಮಗಳು ದೂರದ ಆಸ್ಪತ್ರೆಯಲ್ಲಿ ನರ್ಸು. ಇವತ್ತೊಂದು ದಿನದ ರಜೆ ಹಾಕಿ ಬರುತ್ತಾಳೆ. ಸಂಜೆ ಸ್ಮಶಾನದ ಗೇಟು ಹಾಕುವ ಮೊದಲು ಅವರಿಬ್ಬರೂ ನಿಂತು ಕಲ್ಲು ನೆಡಿಸಬೇಕು. ಕಲ್ಲಕ್ಕ ಮಾತು ಕೊಟ್ಟಿದ್ದಳು.

ಹೆಸರಿನ ಮೊದಲ ಅಕ್ಷರ ಪೂರ್ತಿಯಾಗಿ, ಎರಡನೆಯದರ ತಲೆಕಟ್ಟು ಮಾತ್ರ ಮೂಡಿದ್ದಾಗ ಸೂಜಿ ನಿಂತಿತು.

ಪರದೆಯ ಮೂಲೆಯಲ್ಲಿ ವಾರದಿಂದ ಒಂದು ಚೌಕ ಇಣುಕುತ್ತಿತ್ತು. ಹೊಸ ಅಪ್‌ಡೇಟ್ ಬಂದಿದೆ, ಈಗ ಹಾಕಲೋ, ಆಮೇಲೆ ಹಾಕಲೋ? ಬಾಗಿಲಿಗೆ ಬಂದ ಮಾರಾಟದವನನ್ನು ಸಾಗಹಾಕುವ ಹಾಗೆ ಅವಳು "ಆಮೇಲೆ" ಒತ್ತಿ ಒತ್ತಿ ಅದನ್ನು ಸಾಗಹಾಕಿದ್ದಳು. ಇವತ್ತು ಅದು ಯಾರನ್ನೂ ಕೇಳಲಿಲ್ಲ. ಪರದೆ ನೀಲಿಯಾಯಿತು, ಬಿಳಿ ಚುಕ್ಕೆಗಳ ಬಳೆಯೊಂದು ಸುತ್ತತೊಡಗಿತು. ಕೆಳಗೆ ದಪ್ಪಕ್ಷರದಲ್ಲಿ: ಅಪ್‌ಡೇಟ್ ನಡೆಯುತ್ತಿದೆ, ಕಂಪ್ಯೂಟರನ್ನು ಆಫ್ ಮಾಡಬೇಡಿ.

"ಕೈಯಲ್ಲೇ ಮುಗಿಸೋಕಾಗಲ್ವಾ?" ಎಂದರು ಅಪ್ಪ.

"ಅರ್ಧ ಯಂತ್ರ, ಅರ್ಧ ಕೈ ಆದ್ರೆ ತೇಪೆ ಹಾಕಿದ ಹಾಗೆ ಕಾಣತ್ತಪ್ಪಾ. ಹರಿದಿದ್ದನ್ನೇ ಹೊಲಿದು ಬದುಕಿದ ಹೆಂಗಸಿಗೆ ನಾವು ತೇಪೆ ಹಾಕಿದ ಕಲ್ಲು ಕೊಡೋದಾ?"

ಕಲ್ಲನ್ನು ಹಾಸಿನಿಂದ ಕದಲಿಸುವ ಹಾಗಿರಲಿಲ್ಲ. ಕದಲದಿದ್ದರೆ ಸೂಜಿ ತಾನು ಹೊರಟ ಮೂಲೆಯನ್ನು ಮತ್ತೆ ಹುಡುಕಿಕೊಂಡು ಅದೇ ಗೀರಿನಲ್ಲಿ ಇಳಿಯುತ್ತದೆ. ಕೂದಲೆಳೆಯಷ್ಟು ಸರಿದರೂ ಹೆಸರು ಕೆಟ್ಟಿತು. ಕಲ್ಲಕ್ಕ ಅದರ ಮೇಲೆ ಬಟ್ಟೆ ಹೊದಿಸಿ, ಫೋನು ಹಿಡಿದು ಹಿತ್ತಿಲಿಗೆ ಓಡಿದಳು. ಕಲ್ಲಿನ ಗೋಡೆಯೊಳಗೆ ಫೋನಿಗೆ ಉಸಿರಿರುತ್ತಿರಲಿಲ್ಲ. ಹಿತ್ತಿಲ ನೀರಿನ ತೊಟ್ಟಿಯ ಹತ್ತಿರ ಮಾತ್ರ ಮಾತು ಕೇಳುತ್ತಿತ್ತು.

"ನಿಮ್ಮ ಕರೆ ನಮಗೆ ಅಮೂಲ್ಯ" ಎಂದಿತು ಸಹಾಯವಾಣಿಯ ಯಂತ್ರದ ದನಿ. ಅಮೂಲ್ಯವಾದದ್ದನ್ನು ಅದು ಬಹಳ ಹೊತ್ತು ಹಾಗೇ ಇಟ್ಟುಕೊಂಡಿತು. ಹಾಡು ಮುಗಿದು ಮತ್ತೆ ಹಾಡು, ಒಂದು ಒತ್ತಿ, ನಾಲ್ಕು ಒತ್ತಿ. ಕೊನೆಗೆ ಒಬ್ಬ ಹುಡುಗ ಬಂದ.

"ಮೇಡಂ, ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿದ್ರಾ?"

"ಆಫ್ ಮಾಡ್ಬೇಡಿ ಅಂತ ಅದೇ ದೊಡ್ಡದಾಗಿ ಬರ್ಕೊಂಡಿದೆಯಲ್ಲಪ್ಪಾ!"

"ಹಾಗಾದ್ರೆ ಮಾಡ್ಬೇಡಿ."

"ನೀವೇ ಈಗ ಮಾಡಿ ಅಂದ್ರಿ!"

"ಬರ್ಕೊಂಡಿಲ್ಲ ಅಂದಿದ್ರೆ ಮಾಡಿ ಅಂತ ಮೇಡಂ. ಈಗ ಬಿಟ್ಟುಬಿಡಿ, ಒಂದು ಗಂಟೆ ಯಾರೂ ಮುಟ್ಬೇಡಿ. ತಾನಾಗೇ ಸರಿಹೋಗತ್ತೆ."

ಕಲ್ಲಕ್ಕ ಒಳಗೆ ಬಂದು ಪರದೆಯ ಮುಂದೆ ನಿಂತಳು. ಬಳೆ ಸುತ್ತುತ್ತಿತ್ತು.

"ಹಾಲು ಕಾಯೋಕಿಟ್ಟವಳ ಥರ ನಿಂತ್ಕೋಬೇಡ" ಎಂದರು ಅಪ್ಪ. "ನೀನು ನೋಡ್ತಿದ್ರೆ ಅದಕ್ಕೂ ನಾಚಿಕೆ ಆಗ್ತದೇನೋ. ಹೋಗು, ಇಲ್ಲಿ ನಾನಿರ್ತೀನಿ."

ಅವಳು ಹಿತ್ತಿಲಿಗೆ ಹೋಗಿ ಇನ್ನೊಂದು ಕಲ್ಲಿನ ಅಂಚು ಉಜ್ಜುತ್ತ ಕೂತಳು. ಗಾಳಿ ಉಜ್ಜಿದ ಪುಡಿಯನ್ನು ಅವಳ ಕಣ್ಣಿಗೇ ತಂದು ಎರಚಿತು. ಹೊತ್ತು ಕಳೆದು ಒಳಗೆ ಬಂದರೆ ಪರದೆಯ ಮೇಲೆ ಬೇರೆ ಸಾಲು: ಅಪ್‌ಡೇಟ್ ಪೂರ್ಣಗೊಳ್ಳಲಿಲ್ಲ, ಮೊದಲಿನಿಂದ ಪ್ರಯತ್ನಿಸಲಾಗುತ್ತಿದೆ. ಜೊತೆಗೆ ಉದ್ದನೆಯ ಒಂದು ಸಂಖ್ಯೆ. ಮತ್ತೆ ಅದೇ ಬಳೆ.

ಎರಡನೆಯ ಸಲ ಸಿಕ್ಕಿದವಳು ಒಬ್ಬ ಹುಡುಗಿ. ಅವಳು ಎಲ್ಲವನ್ನೂ ಬುಡದಿಂದ ಕೇಳಿದಳು. ಇಂಟರ್ನೆಟ್ ವೈರು ಸರಿಯಾಗಿ ಕೂತಿದೆಯಾ, ಕೀಲಿಮಣೆಯ ಮೇಲೆ ಏನಾದರೂ ಬಿದ್ದಿದೆಯಾ, ನೀವೇನಾ ಮಾಲೀಕರು, ಮನೆಯಲ್ಲಿ ಗಂಡಸರು ಯಾರಾದರೂ ಇದ್ದಾರಾ.

"ಇದ್ದಾರೆ. ಅವರು ಮೌಸ್ ಕಂಡ್ರೆ ಈಗ್ಲೂ ಒಂದು ಹೆಜ್ಜೆ ಹಿಂದೆ ಸರೀತಾರೆ. ಕೊಡ್ಲಾ?"

ಹುಡುಗಿ ಬೇಡವೆಂದಳು. ಒಂದು ಗಂಟೆ ಬಿಟ್ಟುಬಿಡಿ ಎಂದಳು. ಬಿಟ್ಟದ್ದಾಯಿತು. ಮತ್ತೆ ಪೂರ್ಣಗೊಳ್ಳಲಿಲ್ಲ, ಮತ್ತೆ ಮೊದಲಿನಿಂದ. ಮಧ್ಯಾಹ್ನ ದಾಟಿತು. ಅಪ್ಪ ತಟ್ಟೆಗೆ ಅನ್ನ ಹಾಕಿ ಕರೆದರೆ ಅವಳಿಗೆ ತುತ್ತು ಇಳಿಯಲಿಲ್ಲ. ಎದ್ದಳು, ಕೂತಳು, ಬಟ್ಟೆ ಸರಿಸಿ ಆ ಒಂಟಿ ತಲೆಕಟ್ಟನ್ನು ನೋಡಿದಳು. ದೇಹವಿಲ್ಲದ ತಲೆಯ ಹಾಗಿತ್ತು ಅದು. ಮತ್ತೆ ಮುಚ್ಚಿ ತೊಟ್ಟಿಯ ಹತ್ತಿರ ಹೋದಳು. ಈ ಸಲ ಬೆಳಗಿನ ಹುಡುಗನೇ ಸಿಕ್ಕಿದ್ದು ಅವನ ಗ್ರಹಚಾರ.

ಅವನು ಸಂಖ್ಯೆಯನ್ನು ಓದಿಸಿಕೊಂಡ. ಆ ಕಡೆ ಗುಂಡಿಗಳನ್ನು ಒತ್ತುವ ಸದ್ದು. "ಮೇಡಂ, ನಡುವೆ ಕರೆಂಟ್ ಹೋದ್ರೆ ಮಾತ್ರ ಈ ನಂಬರ್ ಬರತ್ತೆ. ಯಾರೋ ಆಫ್ ಮಾಡ್ತಿದ್ದಾರೆ."

"ಯಾರು ಮಾಡ್ತಾರೆ? ಇಲ್ಲಿರೋದು ನಾನು, ನಮ್ಮಪ್ಪ. ಕರೆಂಟ್ ಹೋಗಿಲ್ಲ, ಹಿತ್ತಿಲ ದೀಪ ಉರೀತಾನೇ ಇದೆ ಬೆಳಿಗ್ಗೆಯಿಂದ."

"ನನಗೆ ಇಲ್ಲಿ ಹಾಗೇ ತೋರಿಸ್ತಿದೆ ಮೇಡಂ."

"ತೋರಿಸತ್ತೆ, ತೋರಿಸತ್ತೆ! ನಿಮ್ಮ ತಪ್ಪು ನಮ್ಮ ತಲೆಗೆ ಕಟ್ಟೋಕೆ ಅದೊಂದು ನಂಬರ್. ಇಲ್ಲಿ ಒಬ್ಬರ ಹೆಸರು ಅರ್ಧಕ್ಕೆ ನಿಂತಿದೆ ಗೊತ್ತಾ? ಸಂಜೆ ಮಣ್ಣಿಗೆ ನೆಡಬೇಕು ಅದನ್ನ. ನಿಮ್ಮ ಮನೇಲಿ ಯಾರೂ ಸತ್ತೇ ಇಲ್ವೇನಪ್ಪಾ?"

ಕಲ್ಲಕ್ಕ ನಾಲಿಗೆ ಕಚ್ಚಿಕೊಂಡಳು. ಆದರೆ ಹೋದ ಮಾತು ಹೋಗಿತ್ತು.

"ಮೇಡಂ," ಎಂದ ಹುಡುಗ, ಮೊದಲಿನ ದನಿಯಲ್ಲೇ, "ನಾನು ಲೈನಲ್ಲೇ ಇರ್ತೀನಿ. ನೀವು ಒಳಗೆ ಹೋಗಿ ಒಂದ್ಸಲ ನೋಡ್ಕೊಂಡು ಬನ್ನಿ."

ಅವಳು ಫೋನನ್ನು ತೊಟ್ಟಿಯ ಕಟ್ಟೆಯ ಮೇಲಿಟ್ಟು, ಸಿಟ್ಟಿನ ಕಾಲು ಹಾಕುತ್ತ ಹಿಂಬಾಗಿಲಿಗೆ ಬಂದಳು. ಬಂದವಳು ಹೊಸ್ತಿಲಲ್ಲೇ ನಿಂತಳು.

ಮುಂಬಾಗಿಲಲ್ಲಿ ಕಂಡಕ್ಟರ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಅಪ್ಪ ಗೋಡೆಯ ಕಬ್ಬಿಣದ ದೊಡ್ಡ ಸ್ವಿಚ್ಚನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ, ಮಲಗಿದ ಮಗುವಿನ ತಲೆ ದಿಂಬಿಗಿಡುವಷ್ಟು ಮೆಲ್ಲಗೆ, ಕೆಳಗಿಳಿಸುತ್ತಿದ್ದರು. ಧೂಳೆಳೆಯುವ ಫ್ಯಾನು ಗುಂಯ್ಗುಡುವುದನ್ನು ನಿಲ್ಲಿಸಿತು. ಪರದೆ ಕಪ್ಪಾಯಿತು.

ಅದು ಆ ಕೋಣೆಯ ಹಳೆಯ ನಡೆ. ಅಜ್ಜನ ಕಾಲದಲ್ಲಿ ಸತ್ತವರ ಮನೆಯವರು ಬಾಗಿಲಿಗೆ ಬಂದರೆ ಉಳಿ ಕೆಳಗಿಡುತ್ತಿದ್ದರು. ಯಂತ್ರ ಬಂದ ಮೇಲೆ ಅಪ್ಪ ಸ್ವಿಚ್ಚು ಇಳಿಸುತ್ತಿದ್ದರು. ದುಃಖ ಹೊತ್ತು ಬಂದವರ ಎದುರಿಗೆ ಸದ್ದು ಮಾಡಬಾರದು. ಕಲ್ಲಕ್ಕನೂ ಅದನ್ನು ನೋಡುತ್ತಲೇ ಬೆಳೆದವಳು, ಉಸಿರಾಟದ ಹಾಗೆ ರೂಢಿಯಾಗಿದ್ದರಿಂದ ಅದರ ನೆನಪೇ ಆಗಿರಲಿಲ್ಲ.

"ಅಪ್ಪಾ! ಬೆಳಿಗ್ಗೆಯಿಂದ ಇದನ್ನ ಎಷ್ಟು ಸಲ ಇಳಿಸಿದ್ದೀರಿ?"

"ಇವರು ಬಂದಾಗೆಲ್ಲ" ಎಂದರು ಅಪ್ಪ, ಕೇಳುವುದೇನಿದೆ ಎಂಬಂತೆ. "ಪಾಪ, ಬರ್ತಾರೆ, ಸ್ವಲ್ಪ ಹೊತ್ತು ನಿಲ್ತಾರೆ, ಹೋಗ್ತಾರೆ. ಹೋದ ಮೇಲೆ ಏರಿಸ್ತೀನಿ. ನಾನು ಕಂಪ್ಯೂಟರ್ ಮುಟ್ಟಿಲ್ಲಮ್ಮಾ, ನಿನ್ನಾಣೆ."

"ಕಂಪ್ಯೂಟರಿಗೂ ಅಲ್ಲಿಂದಲೇ ಕರೆಂಟ್ ಬರೋದಪ್ಪಾ!"

ಅಪ್ಪನ ಕೈ ಸ್ವಿಚ್ಚಿನ ಮೇಲೆಯೇ ಉಳಿಯಿತು. ಕಂಡಕ್ಟರ್ ಒಬ್ಬರ ಮುಖದಿಂದ ಒಬ್ಬರ ಮುಖಕ್ಕೆ ನೋಡಿದರು.

"ಅಂದ್ರೆ ನಾನು ಬಂದಿದ್ದಕ್ಕೆ ಕೆಲಸ ನಿಂತಿತ್ತಾ?"

ಕಲ್ಲಕ್ಕ ಗಡಿಯಾರ ನೋಡಿದಳು. ಇನ್ನು ಬರಬೇಡಿ ಎಂದು ಹೇಳುವುದು ಹೇಗೆ, ಹೇಳದೆ ಸಂಜೆಯೊಳಗೆ ಮುಗಿಸುವುದು ಹೇಗೆ? ಅವರೇ ಟೋಪಿಯನ್ನು ಸುತ್ತ ತಿರುಗಿಸುತ್ತ ಮಾತಾಡಿದರು.

"ಯಜಮಾನ್ರೇ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ಆಯುಸ್ಸೆಲ್ಲ ಬಸ್ಸಿನ ಗದ್ದಲದಲ್ಲಿ ಕಳೆದವನು. ಮನೆಗೆ ಬಂದ್ರೆ ಅವಳ ಹೊಲಿಗೆ ಯಂತ್ರ. ಯಾರು ಬರ್ಲಿ, ಯಾರು ಹೋಗ್ಲಿ, ಅವಳು ನಿಲ್ಲಿಸ್ತಿರಲಿಲ್ಲ. ಮಾತಾಡೋದಿದ್ರೆ ಕಿರುಚಿ ಮಾತಾಡು ಅಂತಿದ್ಳು. ಈಗ ಮನೇಲಿ ನಲ್ಲಿ ತೊಟ್ಟಿಕ್ಕೋದು ಕೇಳಿಸತ್ತೆ. ಕೂರೋಕಾಗಲ್ಲ. ಬೀದಿಗೆ ಬಂದ್ರೆ ನಿಮ್ಮ ಈ ಗುಂಯ್ ಅನ್ನೋದು ಕೇಳತ್ತೆ, ಅದರ ಹಿಂದೆ ಬರ್ತೀನಿ. ಬಾಗಿಲಿಗೆ ಬಂದ ತಕ್ಷಣ ನಿಂತು ಹೋಗತ್ತೆ. ನನ್ನ ಮುಖ ಕಂಡ್ರೆ ನಿಮ್ಮ ಯಂತ್ರಕ್ಕೂ ಆಗಲ್ವೇನೋ ಅಂದ್ಕೊಂಡು ವಾಪಸ್ ಹೋಗ್ತಿದ್ದೆ."

ಅಪ್ಪ ಆಯುಸ್ಸಿಡೀ ಮರ್ಯಾದೆಯೆಂದು ನಡೆಸಿಕೊಂಡು ಬಂದದ್ದನ್ನು ಒಮ್ಮೆ ಒಳಗೇ ತಿರುವಿ ನೋಡುತ್ತಿದ್ದರೋ ಏನೋ. ಆಮೇಲೆ ಎರಡೂ ಕೈಯಿಂದ ಸ್ವಿಚ್ಚನ್ನು ಮೇಲಕ್ಕೆ ದೂಡಿದರು. ಫ್ಯಾನು ಗುಂಯ್ಗುಟ್ಟಿತು.

"ಕೂತ್ಕೊಳ್ಳಿ" ಎಂದು ಸ್ಟೂಲು ಎಳೆದರು. ಫ್ಯಾನಿನ ಸದ್ದಿಗೆ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಗಟ್ಟಿಯಾಗಿ, "ಕೂತ್ಕೊಳ್ರೀ!"

ಕಲ್ಲಕ್ಕ ತೊಟ್ಟಿಯ ಕಡೆ ಓಡಿದಳು. ಹುಡುಗ ಹೇಳಿದ ಹಾಗೆ ಲೈನಿನಲ್ಲೇ ಇದ್ದ.

"ತಮ್ಮಾ, ನೀನು ಹೇಳಿದ್ದೇ ಸರಿ. ಕರೆಂಟ್ ನಾವೇ ತೆಗೀತಿದ್ವಿ. ಬಾಯಿಗೆ ಬಂದಿದ್ದು ಅಂದುಬಿಟ್ಟೆ ನಿಂಗೆ."

"ಪರವಾಗಿಲ್ಲ ಮೇಡಂ. ಇದಕ್ಕಿಂತ ದೊಡ್ಡದು ಬೆಳಿಗ್ಗೆ ತಿಂಡಿ ಜೊತೆಗೇ ತಿಂದಿದ್ದೀನಿ. ಈಗ ಒಂದು ಗಂಟೆ..."

"ಬಿಟ್ಟುಬಿಡ್ತೀನಪ್ಪಾ, ಬಿಟ್ಟುಬಿಡ್ತೀನಿ."

ಆ ಗಂಟೆಯನ್ನು ಮೂವರೂ ಪರದೆಯ ಮುಂದೆ ಕೂತು ಕಳೆದರು. ಬಳೆಯ ಪಕ್ಕದ ಶೇಕಡಾ ಅಂಕಿ ಏರುವುದು, ನಿಲ್ಲುವುದು, ಸತ್ತೇಹೋಯಿತೆನ್ನುವಾಗ ಮತ್ತೊಂದು ಏರುವುದು. "ಘಾಟಿ ಹತ್ತೋ ಹಳೇ ಬಸ್ಸು" ಎಂದರು ಕಂಡಕ್ಟರ್. ಕಲ್ಲಕ್ಕನ ಕಣ್ಣು ಪರದೆಯಿಂದ ಗಡಿಯಾರಕ್ಕೆ, ಗಡಿಯಾರದಿಂದ ಬಾಗಿಲಿಗೆ ಅಲೆಯುತ್ತಿತ್ತು. ಅಪ್ಪನ ತುಟಿ ಪ್ರಾರ್ಥನೆಯಲ್ಲಿ ಆಡುತ್ತಿತ್ತು. ದೇವರಿಗೆ ಕಲ್ಲಿನ ವಿಚಾರ ಹೇಳಿ ಅಭ್ಯಾಸವಿದ್ದ ಅವರಿಗೆ ಅಪ್‌ಡೇಟಿನ ವಿಚಾರ ಹೇಗೆ ಹೇಳಬೇಕೋ ತಿಳಿಯದೆ, ಇದೊಂದು ದಾಟಿಸಪ್ಪಾ ಎಂದಷ್ಟೇ ಬೇಡುತ್ತಿದ್ದರು.

ಬಿಸಿಲು ಬಾಗುವ ಹೊತ್ತಿಗೆ ಪರದೆ ಬೆಳಗಿತು, ಅವಳ ಅಕ್ಷರಗಳು ಮತ್ತೆ ಕಂಡವು.

ಕಲ್ಲಕ್ಕ ಕಲ್ಲಿನ ಹತ್ತಿರ ಹೋಗಿ, ಬಟ್ಟೆಯ ಮೇಲೆ ಕೈಯಿಟ್ಟು ತಡೆದಳು. ಅರ್ಧ ಹೆಸರು ಮನೆಯವರ ಕಣ್ಣಿಗೆ ಬೀಳಬಾರದು. ಆದರೆ ಕಂಡಕ್ಟರ್ ಆಗಲೇ ಎದ್ದು ಬಂದು, ತಾವೇ ಬಟ್ಟೆಯ ತುದಿ ಎತ್ತಿದರು. ಒಂದು ಅಕ್ಷರ, ಒಂದು ತಲೆಕಟ್ಟು.

"ಕುಳ್ಳಿ ಅವಳು" ಎಂದರು. "ಬಸ್ ಹತ್ತಿದಾಗೆಲ್ಲ ಅರ್ಧ ಟಿಕೆಟ್ ಹರೀಲಾ ಅಂತ ರೇಗಿಸ್ತಿದ್ದೆ. ಹರಿ ನೋಡೋಣ, ಮನೆಗೆ ಬಾ ಆಮೇಲೆ, ಅಂತಿದ್ಳು." ಬಟ್ಟೆಯನ್ನು ಪೂರ್ತಿ ತೆಗೆದು ಮಡಚಿ ಅಪ್ಪನ ಕೈಗಿತ್ತರು. "ನಡೀಲಮ್ಮಾ. ರೈಟ್."

ಸೂಜಿ ತನ್ನ ಮೂಲೆಗೆ ಹೋಯಿತು, ಅಲ್ಲಿಂದ ಅಳೆದುಕೊಂಡು ತಲೆಕಟ್ಟಿನ ಮೇಲೆ ಬಂದು ನಿಂತಿತು. ಕಲ್ಲಕ್ಕ ಮೊಣಕಾಲೂರಿ, ಕಣ್ಣನ್ನು ಕಲ್ಲಿನ ಮಟ್ಟಕ್ಕೆ ತಂದಳು. ಸೂಜಿ ಇಳಿಯಿತು. ಹಳೆಯ ಗೀರಿನೊಳಗೇ ಇಳಿಯಿತು. ಅವಳು ಬೆಳಗಿನಿಂದ ಹಿಡಿದಿದ್ದ ಉಸಿರನ್ನು ಬಿಟ್ಟಳು.

ಕಿರ್ರೆನ್ನುವ ಸದ್ದು ಕೋಣೆ ತುಂಬಿತು. ಕಂಡಕ್ಟರ್ ಸ್ಟೂಲನ್ನು ಯಂತ್ರದ ಪಕ್ಕಕ್ಕೇ ಎಳೆದುಕೊಂಡು, ಕಣ್ಣು ಮುಚ್ಚಿ ಕೂತರು. ಏನನ್ನೋ ಹೇಳುತ್ತಲೂ ಇದ್ದರು, ಗಟ್ಟಿಯಾಗಿಯೇ, ಆದರೆ ಆ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿಸುವಂತಿರಲಿಲ್ಲ. ಅಪ್ಪ ಮುಖ ಆಚೆ ತಿರುಗಿಸಿದರು.

ಹೊರಗೆ ಟ್ಯಾಕ್ಸಿಯೊಂದು ನಿಂತು, ಮಗಳು ಇಳಿದು ಬರುವ ಹೊತ್ತಿಗೆ ಕೊನೆಯ ಅಕ್ಷರ ಮುಗಿದಿತ್ತು. ಕಲ್ಲಕ್ಕ ತಿರುಪುಗಳನ್ನು ಒಂದೊಂದಾಗಿ ಸಡಿಲಿಸಿದಳು. ನೀರು ಹಾಕಿ ತೊಳೆದು, ಗೀರುಗಳೊಳಗಿನ ಪುಡಿಯನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆದು, ಒಣಬಟ್ಟೆಯಿಂದ ಒರೆಸಿದಳು. ಒಂದು ತುದಿಯನ್ನು ಅವಳು ಹಿಡಿದಳು, ಇನ್ನೊಂದನ್ನು ಅಪ್ಪ. ಕಂಡಕ್ಟರ್ ಟೋಪಿ ತಲೆಗಿಟ್ಟು ಎರಡೂ ತೋಳು ಮುಂದೆ ಚಾಚಿದರು. ಕಲ್ಲಕ್ಕ ಭಾರ ಅವರಿಗೆ ಸರಿಯಾಗಿ ಕೂರುವ ತನಕ ಕೆಳಗೆ ಕೈಯಿಟ್ಟುಕೊಂಡೇ ಇದ್ದು, ಕಲ್ಲನ್ನು ಅವರಿಗೆ ಒಪ್ಪಿಸಿದಳು.