ಹದಿಮೂರು–ಹದಿಮೂರು

ಹುಡುಗಿಯರ ವಾಲಿಬಾಲ್ ಫೈನಲ್ಲಿನ ಕೊನೆಯ ಸೆಟ್ಟು ಹದಿಮೂರು–ಹದಿಮೂರು ಆಗಿದ್ದಾಗ ಗಾಲ್ವೆಸ್ ಮೇಷ್ಟ್ರು ಸೀಟಿ ಊದಿ ಆಟ ನಿಲ್ಲಿಸಿದರು. ಮೇಯರ್ ಸಾಹೇಬರ ಜೀಪು ಶಾಲೆಯ ಗೇಟಿಗೆ ಬಂದಿತ್ತು. ಸಾಹೇಬರು ನೋಡಬೇಕಾದದ್ದು ಹುಡುಗರ ಬಾಸ್ಕೆಟ್‌ಬಾಲು. ಚಾವಣಿಯಿರುವ ಅಂಗಳ ಇಡೀ ಶಾಲೆಗೆ ಇದ್ದದ್ದು ಅದೊಂದೇ.

"ಬಲೆ ಬಿಚ್ರೋ," ಎಂದರು ಮೇಷ್ಟ್ರು. "ಕ್ಯಾಪ್ಟನ್‌ಗಳು ಇಬ್ರೂ ಬನ್ನಿ. ಟಾಸ್ ಹಾಕಿ ಮುಗಿಸ್ಬಿಡೋಣ."

ಹಸಿರು ತಂಡದ ಕ್ಯಾಪ್ಟನ್ ಮಾರಿಫೆಗೆ ಮೈಯೆಲ್ಲ ಉರಿದುಹೋಯಿತು. ಶಾಲೆಯ ಕ್ರೀಡಾಕೂಟ, ಇಂಟ್ರಾಮ್ಸ್, ಬಂತೆಂದರೆ ಪನಾಯ್ ದ್ವೀಪದ ಆ ಊರಿಗೇ ಹಬ್ಬವಂತೆ. ಯಾರ ಹಬ್ಬ? ಮೊದಲ ದಿನದ ಮೆರವಣಿಗೆಯಲ್ಲಿ ಪ್ರತಿ ತಂಡದ ಮುಂದೆ ಒಬ್ಬಳು ಹುಡುಗಿ ಗೌನು ತೊಟ್ಟು, ಕಿರೀಟ ಇಟ್ಟುಕೊಂಡು ನಡೆಯಬೇಕು. ಆಗ ಮೈಕಿನಲ್ಲಿ ಅವರ ಹೆಸರು ಕೂಗಿದ್ದೇ ಕೂಗಿದ್ದು. ಅದೇ ಹುಡುಗಿಯರು ಚೆಂಡು ಹಿಡಿದರೆ ಎರಡು ಅಂಕ ಆಡಿ ಮುಗಿಸುವುದಕ್ಕೂ ಪುರುಸೊತ್ತಿಲ್ಲ.

ಹೋದ ವರ್ಷವೂ ಹೀಗೇ ಮಾಡಿದ್ದರು. ಟಾಸು ಮಾರಿಫೆಯ ಕಡೆ ಬಿದ್ದಿತ್ತು. ಪದಕ ಹಾಕಿಕೊಂಡು ಮನೆಗೆ ಹೋದರೆ, ಒಣಮೀನು ಹುರಿಯುತ್ತಿದ್ದ ಅಮ್ಮ, "ಎಷ್ಟಕ್ಕೆ ಎಷ್ಟರಲ್ಲಿ ಗೆದ್ಯೇ?" ಎಂದು ಕೇಳಿದ್ದಳು. ಟಾಸಿಗೆ ಎಲ್ಲಿಯ ಅಂಕ? ಮಾರಿಫೆ ಪದಕ ಕಳಚಿ ಪೆಟ್ಟಿಗೆಗೆ ಹಾಕಿದ್ದಳು. ಆ ಪದಕವನ್ನು ಅವಳು ಮತ್ತೆ ಮುಟ್ಟಿರಲಿಲ್ಲ. ಇದು ಶಾಲೆಯಲ್ಲಿ ಅವಳ ಕೊನೆಯ ವರ್ಷ. ಮುಂದಿನ ಸಲ ನೋಡೋಣ ಎನ್ನುವ ಹಾಗಿರಲಿಲ್ಲ.

ಮೇಷ್ಟ್ರು ನಾಣ್ಯ ಚಿಮ್ಮಿದರು. ಮಾರಿಫೆ ಅದನ್ನು ಗಾಳಿಯಲ್ಲೇ ಹಿಡಿದು ಮುಷ್ಟಿ ಬಿಗಿದಳು.

"ಏಯ್, ಕೊಡಿಲ್ಲಿ."

"ಆಟ ಮುಗಿದ್ಮೇಲೆ ಕೊಡ್ತೀನಿ ಸರ್."

"ಮೇಯರ್ ಕಾಯ್ತಿದಾರೆ ಕಣಮ್ಮ."

"ಕಾಯ್ಲಿ. ಹುಡುಗ್ರ ಆಟಾನೂ ಹಿಂಗೇ ಟಾಸ್ ಹಾಕಿ ಮುಗಿಸ್ತೀರಾ? ಹೂಂ ಅನ್ನಿ, ಈಗ್ಲೇ ಕೊಟ್ಬಿಡ್ತೀನಿ."

ಮೇಷ್ಟ್ರು ಗೇಟಿನ ಕಡೆ ತಿರುಗಿ ನೋಡಿದರು. ಅಷ್ಟರಲ್ಲಿ ಕೆಂಪು ತಂಡದ ಕ್ಯಾಪ್ಟನ್ ಡಯೊನೆಸಾ ನೆಲಕ್ಕೆ ಬಿದ್ದಿದ್ದ ಬಲೆಯ ಒಂದು ತುದಿ ಎತ್ತಿಕೊಂಡಿದ್ದಳು.

"ಆ ಕಡೆ ನೀನು ಕಟ್ಟೇ," ಎಂದಳು ಮಾರಿಫೆಗೆ. "ಟಾಸಲ್ಲಿ ಸಿಗೋ ಪದಕ ನಂಗೂ ಬೇಡ. ನಿನ್ನ ಸೋಲ್ಸೇ ತಗೋತೀನಿ."

ಮೇಯರ್ ಬಂದು ಕುರ್ಚಿಯಲ್ಲಿ ಕುಳಿತರು. ಅವರ ಕಣ್ಣೆದುರೇ ಮಾರಿಫೆ ನಾಣ್ಯವನ್ನು ಕಾಲುಚೀಲದೊಳಗೆ ತುರುಕಿ ಸರ್ವ್ ಮಾಡಿದಳು. ಸಿಟ್ಟಿಗೆ ಕೈ ಜೋರಾಯಿತು. ಚೆಂಡು ಗೆರೆಯಾಚೆ ಹೋಗಿ ಬಿತ್ತು. ಮುಂದಿನ ಚೆಂಡನ್ನು ಡಯೊನೆಸಾ ಅವಳ ಕಾಲ ಬುಡಕ್ಕೇ ಬಡಿದಳು. ಅಲ್ಲಿಗೆ ಆಟ ಮುಗಿಯಿತು.

ಮಾರಿಫೆ ನಾಣ್ಯ ತೆಗೆದು ಮೇಷ್ಟ್ರ ಕೈಗಿಟ್ಟಳು.

"ಟಾಸ್‌ಗೆ ಒಪ್ಪಿದ್ರೆ ಗೆಲ್ತಿದ್ಯೋ ಏನೋ," ಎಂದರು ಅವರು.

ಅವಳು ಚೀಲ ಹೆಗಲಿಗೇರಿಸಿ ಹೊರಟುಬಂದಳು. ಬಾಯಿ ಬಿಟ್ಟಿದ್ದರೆ ಮೇಷ್ಟ್ರ ಮರ್ಯಾದೆ ಉಳಿಯುತ್ತಿರಲಿಲ್ಲ.

ಮನೆಯಲ್ಲಿ ಅಮ್ಮ ಒಲೆಯ ಮುಂದಿನಿಂದಲೇ ಕೇಳಿದಳು, "ಎಷ್ಟಕ್ಕೆ ಎಷ್ಟೇ?"

"ಹದಿನೈದು–ಹದಿಮೂರು," ಎಂದಳು ಮಾರಿಫೆ. "ಸೋತ್ವಿ ಅಮ್ಮ. ಆಡಿ ಸೋತ್ವಿ."