ಎರಡನೆಯವರು

ಮೊಣಕಾಲು ದಾಟಿದ ಮೇಲೆ ಅದು ನಿಂತುಬಿಟ್ಟಿತು. ಮೇಲಕ್ಕೂ ಬರದು, ಕೆಳಕ್ಕೂ ಇಳಿಯದು.

ಅರ್ಧ ಗಂಟೆಯಿಂದ ಅವನು ಬಟ್ಟೆ ಬದಲಿಸುವ ಕೋಣೆಯ ಮೂಲೆಯ ಬೆಂಚಿನಲ್ಲಿ, ಸೊಂಟಕ್ಕೆ ಟವೆಲು ಸುತ್ತಿಕೊಂಡು, ಒಂದು ಪಾದಕ್ಕೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಕೂತಿದ್ದ. ಚೀಲ ಹಾಕಿದರೆ ಬಟ್ಟೆ ಜಾರಿಕೊಂಡು ಮೇಲೇರುತ್ತದೆ ಎಂದು ಜೊತೆಗೆ ಬಂದ ಸೂಚನೆಯಲ್ಲಿತ್ತು. ಉಗುರು ತಾಗಿಸಬೇಡಿ, ಬೆರಳ ತುದಿಯಿಂದ ಸ್ವಲ್ಪ ಸ್ವಲ್ಪವೇ ಎಳೆಯಿರಿ ಎಂದೂ ಇತ್ತು. ಐವತ್ತು ವರ್ಷದ ತೊಡೆಯ ಬಗ್ಗೆ ಏನೂ ಇರಲಿಲ್ಲ.

ರೇಸಿನ ಈಜುಡುಗೆ. ನೀರು ಹೀರದು, ಮೈಯನ್ನು ಹಿಂಡಿ ಹಿಡಿಯುತ್ತದೆ. ಸೊಂಟದಿಂದ ಮೊಣಕಾಲಿನವರೆಗೆ, ಅಷ್ಟೇ. ಗಂಡಸರು ಅದಕ್ಕಿಂತ ಹೆಚ್ಚು ಮುಚ್ಚಿಕೊಳ್ಳಲು ನಿಯಮ ಬಿಡುವುದಿಲ್ಲ. ಮುದುಡಿದರೆ ಒಂದು ಹಿಡಿಯೂ ಇಲ್ಲ. ಭಾವಮೈದುನನ ಕೈಲಿ ತರಿಸಿದ್ದ. ಬೆಳಿಗ್ಗೆ ಅದು ಊಟದ ಮೇಜಿನ ಮೇಲಿದ್ದಾಗ ಮಗಳು ಎತ್ತಿ ನೋಡಿ, "ಅಪ್ಪಾ, ಇದು ಚಿಕ್ಕಮ್ಮನ ಪಾಪುಗಾ?" ಅಂದಿದ್ದಳು.

ಹೆಂಡತಿ ನಕ್ಕಿರಲಿಲ್ಲ. "ಈ ವಯಸ್ಸಲ್ಲಿ ನಿಮ್ಮನ್ನ ಯಾರು ಅಟ್ಟಿಸ್ಕೊಂಡು ಬರ್ತಿದಾರೆ?"

ಯಾರೂ ಅಟ್ಟಿಸಿಕೊಂಡು ಬರುತ್ತಿರಲಿಲ್ಲ. ಅಟ್ಟಿಸಿಕೊಂಡು ಹೋಗುತ್ತಿದ್ದವನು ಅವನೇ. ಅದನ್ನು ಹೇಳಲಾಗದೆ ಕಾರಿನ ಬೀಗದ ಕೈ ಹುಡುಕಿದ್ದ.

"ಏನ್ ಸಾರ್, ನೀವೂನಾ?"

ಹಲ್ಲಿನ ಡಾಕ್ಟರು ಬಾಗಿಲಲ್ಲಿ ನಿಂತಿದ್ದ. ಮೈಯಿಂದ ನೀರಿಳಿಯುತ್ತಿತ್ತು, ಹೊಟ್ಟೆ ಚಡ್ಡಿಯ ಮೇಲೆ ಆರಾಮವಾಗಿ ಕೂತಿತ್ತು. ತನ್ನ ರೇಸಿನಲ್ಲಿ ಕೊನೆಯವನಾಗಿ ಬಂದ ಸಂತೋಷ ಮುಖದ ಮೇಲಿತ್ತು.

"ಸುಮ್ಮನೆ. ನೋಡೋಣ ಅಂತ."

"ನೋಡೋಣ ಅಂತ ಅಂಗಡೀಲಿ ನೋಡ್ತಾರೆ. ನೀವು ಒಳಗೇ ಹೋಗ್ಬಿಟ್ಟಿದೀರಿ." ಡಾಕ್ಟರು ಬಂದು ಹಿಂದೆ ನಿಂತ. "ಉಸಿರು ಬಿಡಿ. ಇನ್ನೂ. ಸಾರ್, ದವಡೆ ಹಲ್ಲು ಕಿತ್ತಿದೀನಿ, ಇಷ್ಟು ಬೆವರಿಲ್ಲ."

ಎರಡು ವರ್ಷ ಇದೇ ಡಾಕ್ಟರ ಮುಂದೆ ಅವನು ಈ ಬಟ್ಟೆಯನ್ನು ಹರಿದು ಹಾಕಿದ್ದ, ಮಾತಿನಲ್ಲಿ. ಅವನ ಕೆಲಸವೇ ಅದು. ಔಷಧ ಪರೀಕ್ಷೆಯ ಪ್ರಯೋಗಾಲಯ. ಒಂದು ಗುಂಪಿಗೆ ಮಾತ್ರೆ, ಇನ್ನೊಂದಕ್ಕೆ ಮಾತ್ರೆಯಂತೆ ಕಾಣುವ ಸಕ್ಕರೆ. ಎರಡರ ನಡುವಿನ ವ್ಯತ್ಯಾಸ ಅಳತೆಯ ದೋಷಕ್ಕಿಂತ ದೊಡ್ಡದೇ ಎಂದು ನೋಡುವುದು. ಎಷ್ಟೋ ಸಲ ದೊಡ್ಡದಿರುವುದಿಲ್ಲ. ಇಲ್ಲ ಎಂದು ವರದಿ ಬರೆಯುವಾಗ ಅವನಿಗೆ ಒಂದು ತಣ್ಣನೆಯ ಸುಖವಿತ್ತು. ಆ ಸುಖದಲ್ಲೇ ಈಜುಕೊಳದ ಕಟ್ಟೆಯ ಮೇಲೆ ಕೂತು ವಿವರಿಸುತ್ತಿದ್ದ: ತಿದ್ದಿಕೊಳ್ಳಲು ಬೇರೇನೂ ಉಳಿಯದ ದೊಡ್ಡ ಈಜುಗಾರರಿಗೆ ಇದರಿಂದ ಕೂದಲೆಳೆಯಷ್ಟು ಲಾಭವಿರಬಹುದು. ಕಾಲು ಕೆಳಗೆ ಕಂತುವ, ತಿರುವಿನಲ್ಲಿ ಗೋಡೆಗಾಗಿ ತಡಕಾಡುವ ನಮ್ಮಂಥವರಿಗೆ? ಬಟ್ಟೆ ಉಳಿಸಿಕೊಡುವುದಕ್ಕಿಂತ ಹೆಚ್ಚನ್ನು ನಾವು ಆ ಒಂದು ತಿರುವಿನಲ್ಲೇ ಚೆಲ್ಲುತ್ತೇವೆ.

ಎಲ್ಲರೂ ತಲೆದೂಗುತ್ತಿದ್ದರು. ಪಕ್ಕದ ಲೇನಿನಲ್ಲಿ ಈಜುತ್ತಿದ್ದ ವಕೀಲ ಮಾತ್ರ ನಗುತ್ತಿದ್ದ. ಅವನ ಮೈಮೇಲೆ ಅದೇ ಬಟ್ಟೆ ಇರುತ್ತಿತ್ತು.

ಅದಕ್ಕೆ ಮೊದಲು ಅವರಿಬ್ಬರು ಸರಿಸಮ. ಒಂದು ಸಲ ಅವನು, ಒಂದು ಸಲ ವಕೀಲ. ವಕೀಲ ಬಟ್ಟೆ ಬದಲಿಸಿದ ಮೇಲೆ ಅವನು ಅರ್ಧ ಸೆಕೆಂಡು ಹಿಂದೆ, ಪ್ರತಿ ಸಲವೂ. ಬಟ್ಟೆಯಿಂದ ಏನೂ ಆಗದು ಎಂದು ಸಾಧಿಸಿದವನು ಆ ಅರ್ಧ ಸೆಕೆಂಡನ್ನು ಎಲ್ಲಿಡಬೇಕು? ವಕೀಲ ತನಗಿಂತ ಚೆನ್ನಾಗಿ ಈಜುತ್ತಾನೆ ಎಂದು ಒಪ್ಪಬೇಕು. ಇಲ್ಲವೇ ತಾನೂ ಬಟ್ಟೆ ಹಾಕಿ ನೋಡಬೇಕು. ಮೊದಲನೆಯದು ಅವನಿಗೆ ಹೊಳೆಯಲೇ ಇಲ್ಲ ಎನ್ನುವುದು ಸುಳ್ಳು.

"ಇನ್ನೊಂದ್ಸಲ," ಡಾಕ್ಟರು ಎಳೆದ. ಬಟ್ಟೆ ಸೊಂಟಕ್ಕೆ ಬಂತು. ಅದರ ಮೇಲಿನ ಮನುಷ್ಯನೆಲ್ಲ ಹೊರಗೆ ಉಕ್ಕಿದ. "ಆಯ್ತು. ಇವತ್ತು ನಿಮ್ಮದೇ ಬಿಡಿ ಸಾರ್. ವಕೀಲರಂತೂ ಹೋದರಲ್ಲ."

"ಎಲ್ಲಿಗೆ?"

ಡಾಕ್ಟರು ಅವನ ಮುಖ ನೋಡಿದ. "ಎಲ್ಲಿಗೆ ಅಂದ್ರೆ... ತೀರ್ಕೊಂಡ್ರು ಸಾರ್. ಆಗಲೇ ಮೌನಾಚರಣೆನೂ ಆಯ್ತು. ನೀವು ಇಲ್ಲೇ ಇದ್ರಿ ಅನ್ಸುತ್ತೆ."

ಇಲ್ಲೇ ಇದ್ದ. ಮೈಕಿನ ಸದ್ದು ಗೋಡೆಯಾಚೆ ಕೇಳಿಸಿತ್ತು, ಆಮೇಲೆ ಸದ್ದಿರಲಿಲ್ಲ. ಆ ನಿಶ್ಶಬ್ದದಲ್ಲಿ ಅವನು ಎಡಗಾಲನ್ನು ತೂರಿಸಿದ್ದ.

"ಹೇಗೆ?"

"ಹೃದಯ. ಊಟ ಮಾಡ್ತಾ ಕೂತಿದ್ದೋರು. ಪಟ್ಟಿ ಅಷ್ಟರಲ್ಲಿ ತಯಾರಾಗಿತ್ತಂತೆ, ನಾಲ್ಕನೇ ಲೇನ್ ಖಾಲಿ ಬಿಡ್ತಾರೆ. ಗೌರವಕ್ಕೆ."

"ಗೌರವಕ್ಕಾ?"

"ಪಟ್ಟಿ ತಿದ್ದೋಕೆ ಸೋಮಾರಿತನ. ಗೌರವ ಅಂದ್ಬಿಟ್ರೆ ಮುಗೀತು."

ದುಃಖ ಬರಲಿ ಎಂದು ಅವನು ಸ್ವಲ್ಪ ಹೊತ್ತು ಕಾದ. ಬಂದದ್ದು ಬೇರೆ. ಹೋಲಿಕೆಗೆಂದು ಇಟ್ಟುಕೊಂಡವನೇ ಕೈತಪ್ಪಿ ಹೋದ. ಇನ್ನು ಯಾವುದನ್ನು ಯಾವುದರ ಪಕ್ಕ ಇಟ್ಟು ನೋಡುವುದು?

ಹೊರಗೆ ಸೀಟಿ, ಕ್ಲೋರಿನ್ ವಾಸನೆ, ಒದ್ದೆ ನೆಲ. ಅವನ ವಯಸ್ಸಿನವರು, ಅವನಿಗಿಂತ ಹಿರಿಯರು, ಕೈ ಬೀಸುತ್ತ, ಕುತ್ತಿಗೆ ತಿರುಗಿಸುತ್ತ ನಿಂತಿದ್ದರು. ಕಚೇರಿಯ ಮೊದಲ ಮಹಡಿಗೆ ಲಿಫ್ಟಿನಲ್ಲಿ ಹೋಗುವವರು ಇಲ್ಲಿ ಸೆಕೆಂಡಿನ ನೂರನೇ ಭಾಗಕ್ಕಾಗಿ ಕಾಲಿನ ಕೂದಲು ಬೋಳಿಸಿಕೊಂಡು ಬರುತ್ತಾರೆ. ಸ್ಪರ್ಧೆ ಐದೈದು ವರ್ಷದ ಗುಂಪುಗಳಲ್ಲಿ ನಡೆಯುವುದರಿಂದ ಐವತ್ತಾದವನು ಹೊಸ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನು. ಹಾಗಾಗಿ ಐವತ್ತನ್ನು ಹಂಬಲಿಸಿ ಕಾಯುತ್ತಾರೆ. ಮುದುಕನಾದದ್ದಕ್ಕೆ ಕೈಕುಲುಕುವ ಜಾಗವನ್ನು ಅವನು ಬೇರೆಲ್ಲೂ ಕಂಡಿರಲಿಲ್ಲ. ಈ ವರ್ಷ ಅವನ ಕೈಯನ್ನೂ ಕುಲುಕಿದ್ದರು. ವಕೀಲನದನ್ನೂ.

ಗ್ಯಾಲರಿಯ ಮೆಟ್ಟಿಲ ಹತ್ತಿರ ಒಬ್ಬ ಹೆಂಗಸು ಚೀಲ ಹಿಡಿದು ನಿಂತಿದ್ದಳು. ಇಡೀ ಕಟ್ಟಡದಲ್ಲಿ ಒದ್ದೆಯಾಗದಿದ್ದವಳು ಅವಳೊಬ್ಬಳೇ. ಅವನ ತೊಡೆಯ ಮೇಲಿನ ಬಟ್ಟೆಯನ್ನು ನೋಡಿದಳು, ಆಮೇಲೆ ಮುಖವನ್ನು.

"ನೀವು ಐದನೇ ಲೇನಿನವರಲ್ವಾ? ಔಷಧಿ ಪರೀಕ್ಷೆ ಮಾಡೋರು?"

ವಕೀಲನ ಹೆಂಡತಿ ಎಂದು ಆಗ ಗೊತ್ತಾಯಿತು. "ವಿಷಯ ಈಗ ತಿಳೀತು," ಅಂದ. "ತುಂಬಾ..." ಬಟ್ಟೆಯ ಮೇಲಂಚನ್ನು ಬೆರಳಿಂದ ಸಡಿಲಿಸಿಕೊಂಡ.

"ಮೌನ ಮಾಡ್ತೀವಿ, ಬನ್ನಿ ಅಂತ ಕರೆದ್ರು. ಎರಡು ನಿಮಿಷ ಅಂದ್ರು. ಒಂದಕ್ಕೇ ಸೀಟಿ ಊದಿದ್ರು." ಅವಳ ದನಿಯಲ್ಲಿ ದೂರು ಇರಲಿಲ್ಲ. "ಇವರು ನಿಮ್ಮ ವಿಷಯ ಹೇಳ್ತಾನೇ ಇರ್ತಿದ್ರು."

"ಏನಂತ?"

"ಎರಡನೆಯವರು ಅಂತ. ಮನೇಲಿ ನಿಮಗೆ ಅದೇ ಹೆಸರು. ಇವತ್ತು ಎರಡನೆಯವರು ಸಿಕ್ಕಿದ್ರು, ಎರಡನೆಯವರು ಬಟ್ಟೆಗೆ ಬೈದ್ರು. ಮಕ್ಕಳೂ ಹಾಗೇ ಅಂತಿದ್ರು." ತಾನು ಆಡಬಾರದ್ದನ್ನು ಆಡಿದೆ ಎಂಬ ಸುಳಿವೇ ಅವಳ ಮುಖದಲ್ಲಿರಲಿಲ್ಲ.

ಅವನು ಮುಗುಳ್ನಕ್ಕ. ಮುಗುಳ್ನಗೆ ಹಲ್ಲಿಗೆ ತಾಗಿ ತಣ್ಣಗಿತ್ತು.

ಅವಳು ಚೀಲದ ಬಾಯಿ ತೆರೆದಳು. ಒಳಗೆ ಅದೇ ಕಪ್ಪು ಬಟ್ಟೆ, ಚೊಕ್ಕಟವಾಗಿ ಮಡಿಸಿದ್ದು. "ನಿಮ್ಮನ್ನೇ ಕೇಳ್ಬೇಕು ಅಂತಿದ್ದೆ. ಇದರ ಬಗ್ಗೆ ನಾನು ಅವರನ್ನ ತುಂಬಾ ಆಡ್ಕೋತಿದ್ದೆ. ಬಟ್ಟೆ ಗೆಲ್ಲುತ್ತೆ, ನೀವು ಮೆರೀತೀರಿ ಅಂತ. ಆ ದಿನ ಊಟಕ್ಕೆ ಕೂತಾಗಲೂ ಅದೇ ಮಾತು. ಅವರು ಸಿಟ್ಟಾದ್ರು. ನಾನು ಗೆದ್ದಿದ್ದು ಕಣೇ, ನಾನು, ಅಂದ್ರು." ಬಟ್ಟೆಯ ಮಡಿಕೆಯನ್ನು ಬೆರಳಿಂದ ಸರಿಪಡಿಸಿದಳು. "ಆಮೇಲೆ ಮಾತು ಮುಂದಕ್ಕೆ ಹೋಗ್ಲಿಲ್ಲ. ಅದಕ್ಕೆ ಕೇಳ್ತಿದೀನಿ. ಗೆದ್ದಿದ್ದು ಅವರಾ, ಇದಾ?"

ಉತ್ತರ ಅವನಿಗೆ ಬಾಯಿಪಾಠವಾಗಿತ್ತು. ಎರಡು ವರ್ಷ ಕಟ್ಟೆಯ ಮೇಲೆ ಕೂತು ಒಪ್ಪಿಸಿದ್ದು. ನಮ್ಮಂಥವರಿಗೆ ಬಟ್ಟೆಯಿಂದ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಗೆದ್ದದ್ದು ನಿಮ್ಮ ಗಂಡ. ಹೇಳಿದರೆ ಸತ್ತವನಿಗೂ ಸಲ್ಲಬೇಕಾದ್ದು ಸಲ್ಲುತ್ತಿತ್ತು, ಬದುಕಿದವಳಿಗೂ.

"ಬಟ್ಟೆ," ಅಂದ. "ಬಹುಮಟ್ಟಿಗೆ ಬಟ್ಟೆಯೇ."

ಅಂಥ ವಾಕ್ಯ ಬರೆದು ತಂದ ಕಿರಿಯರ ವರದಿಯನ್ನು ಪ್ರಯೋಗಾಲಯದಲ್ಲಿ ಅವನು ಮುಖ ನೋಡದೆ ವಾಪಸು ತಳ್ಳುತ್ತಿದ್ದ.

"ಹೌದಾ," ಅಂದಳು. "ಹಾಗಾದ್ರೆ ನಾನು ಹೇಳಿದ್ದೇ ಸರಿ." ಚೀಲದ ಬಾಯಿ ಮುಚ್ಚಿದಳು. ಸರಿಯಾದವಳ ಮುಖದಂತಿರಲಿಲ್ಲ ಅದು. "ನಿಮ್ಮದು ಎಷ್ಟೊತ್ತಿಗೆ?"

"ಮುಂದಿನದೇ. ನೂರು ಮೀಟರ್."

"ನೋಡ್ಕೊಂಡೇ ಹೋಗ್ತೀನಿ. ನೀವೂ ಅದನ್ನೇ ಹಾಕಿದೀರಲ್ಲ. ಏನು ಮಾಡುತ್ತೆ, ಕಣ್ಣಾರೆ ನೋಡೋಣ."

ಅವಳು ಮೆಟ್ಟಿಲು ಹತ್ತಿ ಹೋದಳು. ಇನ್ನು ಉಳಿದದ್ದು ಒಂದೇ ದಾರಿ. ಅರ್ಧ ಸೆಕೆಂಡು ವೇಗವಾಗಿ ಈಜಿಬಿಟ್ಟರೆ ಅವನು ಹೇಳಿದ್ದು ನಿಜವಾಗುತ್ತದೆ. ಸುಳ್ಳನ್ನು ಹೀಗೆ ಈಜಿ ನಿಜ ಮಾಡಬಹುದು ಎಂದು ಯಾವ ಗ್ರಂಥದಲ್ಲೂ ಇಲ್ಲ, ಆದರೂ ಅವನಿಗೆ ಅದು ಆ ಗಳಿಗೆಯಲ್ಲಿ ತರ್ಕಬದ್ಧವಾಗಿಯೇ ಕಂಡಿತು.

ಸಾಲಾಗಿ ನಿಂತರು. ಬಲಗಡೆ ನಾಲ್ಕನೇ ಲೇನಿನ ಕಟ್ಟೆ ಖಾಲಿ. ಅದರ ಮುಂದಿನ ನೀರು ಮಾತ್ರ ಅಲುಗದೆ ನಿಂತಿತ್ತು, ಅಥವಾ ಅವನಿಗೆ ಹಾಗೆ ಕಂಡಿತು. ಶುರುವಿನ ಹಾರ್ನ್ ಮೊಳಗಿತು, ಹಾರಿದ.

ಮೊದಲ ಐವತ್ತು ಮೀಟರ್ ಬಟ್ಟೆ ಮಾತು ಉಳಿಸಿಕೊಂಡಿತು. ಸೊಂಟ ನೀರಿನ ಮೇಲೆ ತೇಲಿತು, ತೊಡೆಗಳು ಯಾರದೋ ಗಟ್ಟಿ ತೊಡೆಗಳಂತಿದ್ದವು. ಇದೇ, ಇದೇ, ಅಂದುಕೊಂಡ. ಉಸಿರಿಗೆಂದು ಬಲಕ್ಕೆ ಹೊರಳಿದ. ಏನೂ ಕಾಣಲಿಲ್ಲ.

ಎರಡು ವರ್ಷ ಆ ಕಡೆ ವಕೀಲನ ಕೈ ಏಳುತ್ತಿತ್ತು, ಬೀಳುತ್ತಿತ್ತು. ಅದು ಅವನಿಗಿಂತ ಒಂದು ಗೇಣು ಮುಂದಿರುತ್ತಿತ್ತು, ಅವನು ಅದರ ಹಿಂದೆ ಹೋಗುತ್ತಿದ್ದ. ತಾನು ಈಜುತ್ತಿದ್ದೇನೆ ಎಂದು ತಿಳಿದಿದ್ದೆಲ್ಲ ಆ ಕೈಯನ್ನು ಹಿಂಬಾಲಿಸಿದ್ದು. ಈಗ ತೆರೆದ ನೀರು, ಅದರಾಚೆ ಯಾರದೋ ಕಾಲಿನ ನೊರೆ. ವೇಗವೋ ನಿಧಾನವೋ ತಿಳಿಯುವ ಬಗೆಯೇ ಇರಲಿಲ್ಲ. ತಿರುವಿನಲ್ಲಿ ಗೋಡೆ ಕಾಲಿಗೆ ಸರಿಯಾಗಿ ಸಿಗಲಿಲ್ಲ. ವಾಪಸು ಬರುವಾಗ ಬಟ್ಟೆ ಬರೀ ಬಟ್ಟೆಯಾಗಿತ್ತು. ಬಿಗಿ, ಬಿಸಿ, ಉಸಿರಿಗೆ ಅಡ್ಡ.

ಮುಟ್ಟಿದರೆ ಗಡಿಯಾರ ನಿಲ್ಲಿಸುವ ಗೋಡೆಯ ಫಲಕಕ್ಕೆ ಕೈ ಬಡಿದು ತಲೆಯೆತ್ತಿದ. ಮೊದಲ ಸ್ಥಾನ. ಚಪ್ಪಾಳೆ ಬಂತು. ಗೋಡೆಯ ದೊಡ್ಡ ಬೋರ್ಡಿನಲ್ಲಿ ತನ್ನ ಅಂಕಿ ನೋಡಿದ. ಹೋದ ವರ್ಷ ಹಳೆ ಚಡ್ಡಿಯಲ್ಲಿ ಈಜಿದ್ದಕ್ಕಿಂತ ಸುಮಾರು ಎರಡು ಸೆಕೆಂಡು ಹೆಚ್ಚು. ಅದು ಅಳತೆಯ ದೋಷಕ್ಕಿಂತ ದೊಡ್ಡದು.

"ಹೇಳಿದ್ನಲ್ಲ ಸಾರ್, ನಿಮ್ಮದೇ ಅಂತ," ಹಲ್ಲಿನ ಡಾಕ್ಟರು ದಂಡೆಯ ಮೇಲಿಂದ ಕೂಗಿದ. "ಬಟ್ಟೆ ವಸೂಲಾಯ್ತು."

ಅವನು ಗ್ಯಾಲರಿ ಕಡೆ ನೋಡಿದ. ಅವಳು ಎದ್ದು ನಿಂತಿದ್ದಳು. ಅವನನ್ನು ನೋಡುತ್ತಿರಲಿಲ್ಲ, ಬೋರ್ಡನ್ನು ನೋಡುತ್ತಿದ್ದಳು. ಅವನೂ ಮತ್ತೆ ನೋಡಿದ. ಎಂಟು ಸಾಲಿನಲ್ಲಿ ಏಳು ನಿಂತಿದ್ದವು. ನಾಲ್ಕನೆಯದು ಇನ್ನೂ ಓಡುತ್ತಿತ್ತು. ಪಟ್ಟಿಯಲ್ಲಿ ಹೆಸರಿದ್ದವನು ಬಂದು ಮುಟ್ಟಲಿ ಎಂದು ಗಡಿಯಾರ ಕಾಯುತ್ತಿತ್ತು.

"ಐದನೇ ಲೇನ್ ಸಾರ್," ತೀರ್ಪುಗಾರನ ದನಿ ಮೈಕಿನಲ್ಲಿ ಬಂತು. "ಹಾಗೇ ಕೈ ಚಾಚಿ ನಾಲ್ಕನೇದನ್ನ ಒಂದು ಸಲ ಒತ್ತಿಬಿಡಿ. ಒತ್ತದೆ ಅದು ನಿಲ್ಲಲ್ಲ. ಮುಂದಿನ ರೇಸ್ ಶುರು ಮಾಡ್ಬೇಕು."

ಅವನು ಹಗ್ಗದ ಕೆಳಗೆ ಎಡಗೈ ತೂರಿಸಿದ. ಫಲಕ ಒಂದು ಗೇಣು ದೂರದಲ್ಲಿತ್ತು. ಒತ್ತಿದರೆ ಅವಳ ಕಣ್ಣೆದುರಿಗೇ ವಕೀಲ ಕೊನೆಯವನಾಗುತ್ತಾನೆ.

"ಸಾರ್, ಬೇಗ."

ಬಟ್ಟೆ ಒದ್ದೆಯಾಗಿ ಇನ್ನಷ್ಟು ಹಿಂಡುತ್ತಿತ್ತು. ಉಳಿದವರೆಲ್ಲ ಒಬ್ಬೊಬ್ಬರಾಗಿ ಕೊಳ ಹತ್ತಿ ಟವೆಲಿಗೆ ಹೋದರು. ನೀರು ತಿಳಿಯಾಯಿತು. ನಾಲ್ಕನೇ ಲೇನಿನ ಉದ್ದಕ್ಕೂ, ಆಚೆ ಗೋಡೆಯವರೆಗೂ, ತಳದ ಕಪ್ಪು ಗೆರೆ ನೇರವಾಗಿ ಕಾಣುತ್ತಿತ್ತು. ಅದರ ಮೇಲೆ ಯಾರೂ ಬರುತ್ತಿರಲಿಲ್ಲ. ಅವನು ಕೈ ಚಾಚಿಕೊಂಡು ಆ ಕಡೆಯೇ ನೋಡುತ್ತ ನೀರಲ್ಲಿ ನಿಂತಿದ್ದ, ಮತ್ತು ಮೇಲೆ ಕೆಂಪು ಅಂಕಿಗಳು ಒಂದೇ ಸಮನೆ ಓಡುತ್ತಿದ್ದವು.